ವಿಮಾನ ಮೇಲೆ, ಜವಾನರು ಕೆಳಗೆ: ನಮ್ಮ ಬಾಂಬು ನಮ್ಮವರ ಮೇಲೆ ಬೀಳದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ತರಬೇತಿ ಮುಗಿಸಿ ಈಗ ಗಡಿ ಕಡೆ ಇದ್ದಾನೆ. ಸಣ್ಣವನು ಸಾಂಬ್ರಾದಲ್ಲಿ ತರಬೇತಿ ಪಡೆದು ವಾಯುಪಡೆ ಸೇರಿದ. ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸ ಅವನದು. ದೀಪಾವಳಿಗೆ ಇಬ್ಬರೂ ರಜೆ ಮೇಲೆ ಬಂದಿದ್ದರು. ಊಟಕ್ಕೆ ಕೂತಾಗ ದೊಡ್ಡವನು, "ನಾವು ಕರದಾಗ ನಿಮ್ಮ ವಿಮಾನ ಬರೂದಿಲ್ಲ, ಬಂದ್ರೂ ಎಲ್ಲಾ ಮುಗದ ಮ್ಯಾಲೆ" ಅಂದ. ಸಣ್ಣವನು, "ನೀವು ಎಲ್ಲಿ ಅದೀರಿ ಅಂತ ಸರಿಯಾಗಿ ಹೇಳ್ರಿ, ಇಲ್ಲಂದ್ರ ನಿಮ್ಮ ತಲಿ ಮ್ಯಾಲೇ ಬೀಳ್ತದ" ಅಂದ. ಇಬ್ಬರೂ ನಕ್ಕರು. ನನಗೆ ಮಾತ್ರ ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ನಮ್ಮ ವಿಮಾನದ ಬಾಂಬು ನಮ್ಮ ಮಕ್ಕಳ ಮೇಲೆ ಬೀಳುವುದು ನಿಜವಾಗಿ ಆಗುತ್ತಾ? ಟಿವಿಯಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ, ಯಾವುದನ್ನು ನಂಬಬೇಕು? ಮೂರೂ ಪಡೆಗೆ ಒಬ್ಬನೇ ಸಾಹೇಬ ಇದ್ದರೆ ಈ ಗೊಂದಲ ಮುಗಿಯುವುದಿಲ್ಲವಾ?

ಉತ್ತರ: ಅಕ್ಕಾವ್ರೇ, ಮೊದಲ ಪ್ರಶ್ನೆಗೆ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಹೌದು, ಹಾಗೆ ಆಗಿದೆ. ಬೇರೆ ದೇಶಗಳಲ್ಲಿ ಆಗಿದೆ, ನಮ್ಮಲ್ಲೂ ಆಗಿದೆ. ಆದರೆ ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಬಹುಶಃ ಕೈ ತಪ್ಪಿ ಬೀಳುವ ಬಾಂಬಿನದು. ಹಾಗೂ ಆಗುತ್ತದೆ, ಆದರೆ ಕಡಿಮೆ. ಜಾಸ್ತಿ ಸಲ ಕಾರಣ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಒಂದೇ: ಒಂದು ಪಡೆಗೆ ಗೊತ್ತಿದ್ದ ಸಂಗತಿ ಇನ್ನೊಂದು ಪಡೆಗೆ ತಲುಪಿರಲಿಲ್ಲ. ನಾನು ವಾಯುಪಡೆಯಲ್ಲಿದ್ದಾಗ ಭೂಸೇನೆಯವರ ಜೊತೆ ಕೂತು ವಿಮಾನಗಳ ಕೆಲಸದ ಯೋಜನೆ ಹಾಕುತ್ತಿದ್ದವನು. ಸಂಗತಿ ತಲುಪಿಸುವುದು, ತಲುಪಿತಾ ಅಂತ ಮತ್ತೆ ಕೇಳುವುದು, ನಮ್ಮ ಕೆಲಸದ ಅರ್ಧ ಭಾಗ ಅದೇ ಆಗಿತ್ತು.

ಒಂದು ಘಟನೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಎಲ್ಲವೂ ಇದೆ. 1994ರ ಏಪ್ರಿಲ್ 14. ಉತ್ತರ ಇರಾಕ್. ಅಮೆರಿಕದ ಭೂಸೇನೆಯ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳು ಹೊರಟಿದ್ದವು. ಅಮೆರಿಕದ್ದೇ ವಾಯುಪಡೆಯ ಎರಡು ಎಫ್-15 ವಿಮಾನಗಳು ಅವನ್ನು ಇರಾಕಿನ ಹೆಲಿಕಾಪ್ಟರ್ ಅಂದುಕೊಂಡು ಹೊಡೆದುರುಳಿಸಿದವು. 26 ಜನ ಸತ್ತರು. ಹಗಲು ಹೊತ್ತು, ಆಕಾಶ ಶುಭ್ರ. ಇಡೀ ಆಕಾಶದ ಮೇಲೆ ಕಣ್ಣಿಡುವ ಅವಾಕ್ಸ್ ರಾಡಾರ್ ವಿಮಾನವೂ ಮೇಲೇ ಇತ್ತು. ಆದರೂ ಆಯಿತು. ಹೇಗೆ? ಆ ದಿನದ ಹಾರಾಟದ ಪಟ್ಟಿಯಲ್ಲಿ ಹೆಲಿಕಾಪ್ಟರ್‌ಗಳ ಸಮಯ, ದಾರಿ ಸರಿಯಾಗಿ ಬರೆದಿರಲಿಲ್ಲ. ಆ ಪ್ರದೇಶದ ಒಳಗೆ ಬಂದಮೇಲೆ ಬದಲಿಸಬೇಕಿದ್ದ ಗುರುತಿನ ಕೋಡ್ ಬದಲಾಗಿರಲಿಲ್ಲ. ಹೆಲಿಕಾಪ್ಟರ್‌ನವರು ಒಂದು ರೇಡಿಯೋ ಚಾನೆಲ್‌ನಲ್ಲಿದ್ದರು, ಫೈಟರ್‌ಗಳು ಇನ್ನೊಂದರಲ್ಲಿ. ಮೇಲಿನ ರಾಡಾರ್ ವಿಮಾನದಲ್ಲಿ ಕೂತವರಿಗೆ ಹೆಲಿಕಾಪ್ಟರ್ ಹೊರಟದ್ದು ಗೊತ್ತಿತ್ತು. ಅವರೂ ಹೇಳಲಿಲ್ಲ. ಒಬ್ಬರ ಬಳಿಯೂ ಒಳ್ಳೆಯ ಯಂತ್ರಕ್ಕೆ ಕೊರತೆ ಇರಲಿಲ್ಲ. ಸಣ್ಣ ಸಣ್ಣ ಲೋಪಗಳು ಒಂದೇ ಬೆಳಿಗ್ಗೆ ಸಾಲಾಗಿ ಬಂದು ನಿಂತವು.

ನಮ್ಮಲ್ಲಿ 2019ರ ಫೆಬ್ರವರಿ 27ರಂದು ಬಡಗಾಮ್‌ನಲ್ಲಿ ಆದದ್ದು ನಿಮಗೆ ನೆನಪಿರಬಹುದು. ಬಾಲಾಕೋಟ್ ದಾಳಿಯ ಮರುದಿನ. ಗಡಿಯಲ್ಲಿ ವಿಮಾನಗಳ ಕಾಳಗ ನಡೆದಿತ್ತು. ಅದೇ ಹೊತ್ತಿಗೆ ಶ್ರೀನಗರದಿಂದ ಹೊರಟಿದ್ದ ನಮ್ಮ ಎಂಐ-17 ಹೆಲಿಕಾಪ್ಟರ್‌ಗೆ ನಮ್ಮದೇ ಕ್ಷಿಪಣಿ ತಗುಲಿತು. ಅದರಲ್ಲಿದ್ದ ವಾಯುಪಡೆಯ 6 ಮಂದಿ, ಕೆಳಗಿದ್ದ ಒಬ್ಬ ನಾಗರಿಕ ತೀರಿಕೊಂಡರು. ತನಿಖೆಯ ನಂತರ ವಾಯುಪಡೆ ಮುಖ್ಯಸ್ಥರೇ ಇದು ನಮ್ಮ ದೊಡ್ಡ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಒಪ್ಪಿಕೊಂಡದ್ದು ಬಹಳ ಮುಖ್ಯ ಅಂತ ನನ್ನ ಅಭಿಪ್ರಾಯ. ಮುಚ್ಚಿಟ್ಟಿದ್ದರೆ ಮುಂದಿನವರು ಅದರಿಂದ ಕಲಿಯುತ್ತಲೇ ಇರಲಿಲ್ಲ.

ಇನ್ನು, ರಾಡಾರ್‌ಗೆ ನಮ್ಮವರು ಯಾರು, ಬೇರೆಯವರು ಯಾರು ಎಂದು ತಾನಾಗಿಯೇ ಗೊತ್ತಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ. ಕೆಳಗಿನಿಂದ ಒಂದು ಸಂಕೇತ ಹೋಗುತ್ತದೆ, ನೀನು ಯಾರು ಅಂತ. ವಿಮಾನದೊಳಗಿನ ಸಾಧನ ಆ ಹೊತ್ತಿನ ಗುಟ್ಟಿನ ಕೋಡ್‌ನಲ್ಲಿ ಉತ್ತರ ಕೊಡಬೇಕು. ಇದನ್ನು ಐಎಫ್‌ಎಫ್ ಅನ್ನುತ್ತಾರೆ. ಕೋಡ್ ಆಗಾಗ ಬದಲಾಗುತ್ತದೆ. ಸಾಧನ ಕೆಟ್ಟಿದ್ದರೆ, ಆಫ್ ಆಗಿದ್ದರೆ, ಹಳೆಯ ಕೋಡ್ ಉಳಿದಿದ್ದರೆ ಉತ್ತರ ಬರುವುದಿಲ್ಲ. ಉತ್ತರ ಬರಲಿಲ್ಲ ಎಂದರೆ ಶತ್ರು ಎಂದು ಅರ್ಥವಲ್ಲ. ಯಾರು ಅಂತ ಗೊತ್ತಿಲ್ಲ ಎಂದಷ್ಟೇ ಅರ್ಥ. ಅದಕ್ಕೇ ಇದೊಂದನ್ನೇ ನೆಚ್ಚಿ ಯಾರೂ ಯೋಜನೆ ಹಾಕುವುದಿಲ್ಲ. ನಮ್ಮ ವಿಮಾನಗಳು ವಾಪಸ್ ಬರಲು ನಿಗದಿಯಾದ ದಾರಿ ಇರುತ್ತದೆ, ನಿಗದಿಯಾದ ಎತ್ತರ ಇರುತ್ತದೆ, ಸಮಯ ಇರುತ್ತದೆ. ಕೆಳಗಿನ ಕ್ಷಿಪಣಿ ಪಡೆಗಳಿಗೆ ಯಾವಾಗ ಹೊಡೆಯಬಹುದು, ಯಾವಾಗ ಅಪ್ಪಣೆ ಇಲ್ಲದೆ ಹೊಡೆಯಲೇಬಾರದು ಎಂಬ ಕಟ್ಟುನಿಟ್ಟು ಇರುತ್ತದೆ. ರಾಡಾರ್‌ಗಳ ಮಾಹಿತಿಯನ್ನು ಒಂದೆಡೆ ಕೂಡಿಸುವ ವಾಯುಪಡೆಯ ಜಾಲಕ್ಕೆ ಐಎಸಿಸಿಎಸ್ ಅಂತ ಹೆಸರು, ಭೂಸೇನೆಯ ಅಂಥದ್ದೇ ಜಾಲ 'ಆಕಾಶತೀರ್' ಈಗ ಅದಕ್ಕೆ ಜೋಡಣೆಯಾಗಿದೆ. ಇಬ್ಬರಿಗೂ ಆಕಾಶದ ಒಂದೇ ಚಿತ್ರ ಕಾಣಬೇಕು ಎಂಬುದೇ ಅದರ ಉದ್ದೇಶ. 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಇದು ಕೆಲಸಕ್ಕೆ ಬಂತು.

ನಿಮ್ಮ ಸಣ್ಣ ಮಗನ ಕೆಲಸ ಎಲೆಕ್ಟ್ರಾನಿಕ್ಸ್ ಅಂದಿರಿ. ಹಾರಾಟಕ್ಕೆ ಮೊದಲು ರೇಡಿಯೋ, ಐಎಫ್‌ಎಫ್ ಪರೀಕ್ಷೆ ಮಾಡಿ ಸಹಿ ಹಾಕುವವರು ಅದೇ ವಿಭಾಗದವರು. ಅಣ್ಣನ ತಲೆ ಮೇಲೆ ಬೀಳ್ತದೆ ಅಂತ ತಮಾಷೆ ಮಾಡಿದನಲ್ಲ, ಹಾಗೆ ಬೀಳದಂತೆ ನೋಡಿಕೊಳ್ಳುವ ಕೆಲಸದಲ್ಲಿ ಅವನೂ ಇದ್ದಾನೆ.

ಇನ್ನು ನೆಲದ ಮೇಲಿರುವ ಜವಾನರ ಹತ್ತಿರ ಬಾಂಬು ಹಾಕುವ ಮಾತು. ಫೈಟರ್ ವಿಮಾನ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅನ್ನಿ. ಸೆಕೆಂಡಿಗೆ 250 ಮೀಟರ್ ಆಯಿತು. ಸಾಂಬ್ರಾದಿಂದ ಬೆಳಗಾವಿ ಊರು ಸುಮಾರು 10 ಕಿಲೋಮೀಟರ್. ಪೈಲಟ್‌ಗೆ ಅದು 40 ಸೆಕೆಂಡಿನ ದಾರಿ. ಅಷ್ಟರಲ್ಲಿ ಅವನು ಗುಡ್ಡ ನೋಡಬೇಕು, ಗುಡ್ಡದ ಮೇಲಿನ ಬಂಕರ್ ನೋಡಬೇಕು, ನಮ್ಮವರು ಎಲ್ಲಿದ್ದಾರೆ ಅಂತಲೂ ನೋಡಬೇಕು. ಕಣ್ಣಿಗೆ ಕಾಣುವುದಿಲ್ಲ ಅಕ್ಕಾವ್ರೇ. ಅದಕ್ಕೆ ಕೆಳಗೆ ಜವಾನರ ಜೊತೆ ಒಬ್ಬ ಫಾರ್ವರ್ಡ್ ಏರ್ ಕಂಟ್ರೋಲರ್ ಇರುತ್ತಾನೆ. ಅವನು ರೇಡಿಯೋದಲ್ಲಿ ಪೈಲಟ್‌ನ ಕಣ್ಣನ್ನು ದೊಡ್ಡದರಿಂದ ಚಿಕ್ಕದಕ್ಕೆ ಕರೆದುಕೊಂಡು ಬರುತ್ತಾನೆ. ನಿಮಗೆ ಗೊತ್ತಿರುವ ಜಾಗದ ಮೇಲೇ ಹೇಳುತ್ತೇನೆ, ತರಬೇತಿ ಅಂತ ಇಟ್ಟುಕೊಳ್ಳಿ.

"ಎದುರಿಗೆ ದೊಡ್ಡ ನೀರು ಕಾಣ್ತಾ?" "ಕಾಣ್ತು." ಅದು ಸವದತ್ತಿಯ ರೇಣುಕಾ ಸಾಗರ. "ನೀರಿನ ತುದಿಯಲ್ಲಿ ಅಣೆಕಟ್ಟಿನ ಗೋಡೆ?" "ಕಾಣ್ತು." "ಆ ಗೋಡೆಯ ಉದ್ದವನ್ನೇ ಒಂದು ಅಳತೆ ಮಾಡಿಕೊ. ಗೋಡೆಯ ತುದಿಯಿಂದ ರಸ್ತೆ ಹಿಡಿದು ಅಂಥ ಎರಡು ಅಳತೆ ಹೋಗು. ಅಲ್ಲಿ ಏನಿದೆ ಹೇಳು?" ಇಲ್ಲಿ ಕಂಟ್ರೋಲರ್ ತಾನು ಹೇಳುವುದಿಲ್ಲ, ಪೈಲಟ್‌ನಿಂದ ಹೇಳಿಸುತ್ತಾನೆ. "ರಸ್ತೆ ತಿರುವು, ಪಕ್ಕದಲ್ಲಿ ತಗಡಿನ ಶೆಡ್." ಸರಿಯಾಗಿದ್ದರೆ ಮುಂದಿನ ಮಾತು. ಇಲ್ಲದಿದ್ದರೆ ಮತ್ತೆ ನೀರಿನಿಂದಲೇ ಶುರು. ನಮ್ಮವರು ಗುರಿಯಿಂದ ಯಾವ ದಿಕ್ಕಿಗೆ, ಎಷ್ಟು ದೂರ ಇದ್ದಾರೆ ಎಂಬುದನ್ನು ಪೈಲಟ್ ತನ್ನ ಬಾಯಿಂದ ವಾಪಸ್ ಓದಿ ಹೇಳಬೇಕು. ಈಗ ಜಿಪಿಎಸ್ ಅಂಕಿ ಕೊಟ್ಟರೂ ಈ ವಾಪಸ್ ಓದುವ ಪದ್ಧತಿ ಬಿಟ್ಟಿಲ್ಲ. ಒಂದು ಅಂಕಿ ಅದಲುಬದಲಾದರೂ ಸಾಕು, ಬಾಂಬು ಬೇರೆ ಗುಡ್ಡಕ್ಕೆ ಹೋಗುತ್ತದೆ. ಕೊನೆಗೆ ಕಂಟ್ರೋಲರ್ ಅನುಮತಿ ಕೊಟ್ಟರೆ ಮಾತ್ರ ಗುಂಡಿ ಒತ್ತುವುದು. ಅನುಮಾನ ಬಂದರೆ ಬಾಂಬು ಸಮೇತ ವಾಪಸ್ ಬರುವುದು. ಹಾಗೆ ವಾಪಸ್ ಬಂದ ಪೈಲಟ್‌ನನ್ನು ತಿಳಿದ ಯಾವ ಅಧಿಕಾರಿಯೂ ಬೈಯುವುದಿಲ್ಲ.

ವಿಮಾನ ಯಾವ ದಿಕ್ಕಿನಿಂದ ಬರಬೇಕು ಎಂಬುದೂ ಜೀವನ್ಮರಣದ ಪ್ರಶ್ನೆ. 1944ರ ಜುಲೈನಲ್ಲಿ ಫ್ರಾನ್ಸ್‌ನ ನಾರ್ಮಂಡಿಯಲ್ಲಿ ಅಮೆರಿಕದ ಜನರಲ್ ಬ್ರ್ಯಾಡ್ಲಿ, ತಮ್ಮ ಸೈನಿಕರಿಗೂ ಜರ್ಮನ್ನರಿಗೂ ನಡುವೆ ಇದ್ದ ರಸ್ತೆಗೆ ಸಮಾನಾಂತರವಾಗಿ ಹಾರಿ ಬಾಂಬು ಹಾಕಬೇಕು ಅಂದುಕೊಂಡಿದ್ದರು. ಬಾಂಬರ್‌ನವರು ತಮ್ಮ ಸೈನಿಕರ ತಲೆ ಮೇಲಿಂದ ದಾಟಿ ಬಂದರು. ಅಷ್ಟು ವಿಮಾನಗಳನ್ನು ಅಷ್ಟು ಕಡಿಮೆ ಹೊತ್ತಿನಲ್ಲಿ ಅಗಲ ಕಡಿಮೆ ಇರುವ ಕಡೆಯಿಂದ ನುಗ್ಗಿಸಲು ಆಗುವುದಿಲ್ಲ ಎಂಬುದು ಅವರ ಲೆಕ್ಕ. ಇಬ್ಬರ ಲೆಕ್ಕಕ್ಕೂ ಕಾರಣ ಇತ್ತು. ಆದರೆ ಕೊನೆಗೆ ಏನು ಒಪ್ಪಿದ್ದೇವೆ ಎಂಬುದೇ ಇಬ್ಬರಿಗೂ ಒಂದೇ ಆಗಿರಲಿಲ್ಲ. ಜುಲೈ 25ರಂದು ಬಾಂಬುಗಳು ಮುಂಚೆಯೇ ಬಿದ್ದು 111 ಅಮೆರಿಕನ್ ಸೈನಿಕರು ಸತ್ತರು, ಒಬ್ಬ ಲೆಫ್ಟಿನೆಂಟ್ ಜನರಲ್ ಸೇರಿ. ಆ ದಾಳಿ ಜರ್ಮನ್ ಸಾಲನ್ನು ಒಡೆದದ್ದೂ ನಿಜ. ಯುದ್ಧದಲ್ಲಿ ಎರಡೂ ಒಟ್ಟಿಗೆ ಆಗುತ್ತವೆ.

ಹಾಗಾದರೆ ದಾರಿ ಏನಿದೆ ಅಂತ ಕೇಳುತ್ತೀರಿ. ಒಂದು, ನಮ್ಮ ಜವಾನರ ಮುಂದೆ ದೂರದಲ್ಲಿ ಒಂದು ಗೆರೆ ಎಳೆದು, ಅದರಾಚೆ ಮಾತ್ರ ವಿಮಾನ ಹೊಡೆಯುವುದು. ಇದು ಸುರಕ್ಷಿತ. ಆದರೆ ಗೆರೆಯ ಈಚೆ ಇರುವ ಬಂಕರ್ ಮುಂದೆ ಜವಾನ ಒಂಟಿಯಾಗುತ್ತಾನೆ. ಇನ್ನೊಂದು, ಕಂಟ್ರೋಲರ್ ಇಟ್ಟುಕೊಂಡು ಹತ್ತಿರವೇ ಹೊಡೆಯುವುದು. ಕೆಲಸ ಆಗುತ್ತದೆ, ಅಪಾಯ ಹೆಚ್ಚು, ತರಬೇತಿ ಪಡೆದ ಕಂಟ್ರೋಲರ್‌ಗಳೂ ಬೇಕಾದಷ್ಟು ಸಿಗುವುದಿಲ್ಲ. ಹತ್ತಿರದ ಕೆಲಸ ತೋಪು, ಡ್ರೋನ್‌ಗೆ ಬಿಡೋಣ ಅನ್ನುವವರೂ ಇದ್ದಾರೆ. ಒಳ್ಳೆಯ ಮಾತು. ಆದರೆ ದೊಡ್ಡ ತೋಪಿನ ಗುಂಡು ಹಲವು ಕಿಲೋಮೀಟರ್ ಮೇಲೇರಿ ಇಳಿಯುತ್ತದೆ, ಅದೇ ಆಕಾಶದಲ್ಲಿ ನಮ್ಮ ಹೆಲಿಕಾಪ್ಟರ್, ಡ್ರೋನ್ ಎಲ್ಲಾ ಇರುತ್ತವೆ. ಈ ನಿಮಿಷದಿಂದ ಈ ನಿಮಿಷದವರೆಗೆ ತೋಪು ನಿಲ್ಲಬೇಕು, ಆಮೇಲೆ ವಿಮಾನ ದಾಟಬೇಕು, ಮತ್ತೆ ತೋಪು ಶುರು ಅಂತ ನಿಮಿಷ ಲೆಕ್ಕದ ವೇಳಾಪಟ್ಟಿ ಬೇಕು. ನನ್ನನ್ನು ಕೇಳಿದರೆ ಕಂಟ್ರೋಲರ್‌ಗಳ ತರಬೇತಿಗೆ ಹೆಚ್ಚು ದುಡ್ಡು, ಹೆಚ್ಚು ಹಾರಾಟ ಕೊಡಬೇಕು. ಹೊಸ ವಿಮಾನ ಕೊಂಡರೆ ಸುದ್ದಿಯಾಗುತ್ತದೆ, ಇದು ಸುದ್ದಿಯಾಗುವುದಿಲ್ಲ. ಆದರೆ ಜೀವ ಉಳಿಸುವುದು ಇದು.

ದೊಡ್ಡವನ ದೂರಿಗೆ ಬರುತ್ತೇನೆ. ವಿಮಾನ ತಡವಾಗಿ ಬರುತ್ತದೆ ಎಂಬುದು ಹಳೆಯ ದೂರು, ಪೂರ್ತಿ ಸುಳ್ಳೂ ಅಲ್ಲ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನ ಗಡಿಯ ಲೋಂಗೆವಾಲಾದಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕಂಪನಿ ಪಾಕಿಸ್ತಾನದ ಟ್ಯಾಂಕುಗಳ ಎದುರು ಬೆಳಗಿನವರೆಗೆ ಒಂಟಿಯಾಗಿ ನಿಂತಿತು. ಜೈಸಲ್ಮೇರ್‌ನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿ ದಾಳಿ ಮಾಡುವ ಸಾಧನ ಇರಲಿಲ್ಲ. ಬೆಳಕು ಹರಿಯುತ್ತಲೇ ಬಂದವು, ಬಂದ ಮೇಲೆ ಟ್ಯಾಂಕುಗಳಿಗೆ ಮರಳುಗಾಡಿನಲ್ಲಿ ಅಡಗಲು ಜಾಗವೇ ಇರಲಿಲ್ಲ. ಆ ವಿಮಾನಗಳಿಗೆ ಗುರಿ ತೋರಿಸಿದ್ದು ಮೇಜರ್ ಆತ್ಮಾ ಸಿಂಗ್, ಭೂಸೇನೆಯವರು, ಚಿಕ್ಕ ಕೃಷಕ್ ವಿಮಾನದಲ್ಲಿ ಹಾರುತ್ತಿದ್ದರು. ಒಂದು ಪಡೆಯ ಕಣ್ಣು, ಇನ್ನೊಂದು ಪಡೆಯ ಕೈ.

ಕಾರ್ಗಿಲ್‌ನಲ್ಲಿ ತಡವಾದದ್ದಕ್ಕೆ ಬೇರೆ ಕಾರಣ. 1999ರ ಮೇನಲ್ಲಿ ಭೂಸೇನೆ ಶಸ್ತ್ರ ಹೊತ್ತ ಹೆಲಿಕಾಪ್ಟರ್ ಕೇಳಿತು. ಆ ಎತ್ತರದಲ್ಲಿ ಹೆಲಿಕಾಪ್ಟರ್ ಸುಲಭದ ಗುರಿಯಾಗುತ್ತದೆ, ಅಲ್ಲದೆ ವಾಯುಶಕ್ತಿ ಬಳಸಲು ಸರ್ಕಾರದ ಒಪ್ಪಿಗೆ ಬೇಕು ಎಂದು ವಾಯುಪಡೆ ಹೇಳಿತು. ಮಾತುಕತೆಯಲ್ಲಿ ದಿನಗಳು ಹೋದವು. ಮೇ 26ಕ್ಕೆ ದಾಳಿ ಶುರುವಾಯಿತು. ಗಡಿ ನಿಯಂತ್ರಣ ರೇಖೆ ದಾಟಬಾರದು ಎಂಬ ಷರತ್ತಿತ್ತು. ಮೇ 28ರಂದು ತೋಲೋಲಿಂಗ್ ಬಳಿ ಎಂಐ-17 ಹೆಲಿಕಾಪ್ಟರ್ ಒಂದಕ್ಕೆ ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿ ತಗುಲಿ ನಾಲ್ವರು ಹುತಾತ್ಮರಾದರು. ಆಮೇಲೆ ಶಸ್ತ್ರ ಹೊತ್ತ ಹೆಲಿಕಾಪ್ಟರ್‌ಗಳನ್ನು ದಾಳಿಯಿಂದ ಹಿಂದಕ್ಕೆ ಕರೆಸಿಕೊಂಡರು, ಫೈಟರ್‌ಗಳು ಕ್ಷಿಪಣಿಗೆ ಸಿಗದಷ್ಟು ಎತ್ತರಕ್ಕೆ ಹೋದವು. ಎತ್ತರಕ್ಕೆ ಹೋದರೆ ಸಾದಾ ಬಾಂಬು ಗುರಿ ತಪ್ಪುತ್ತದೆ. ತೆಳು ಗಾಳಿಯಲ್ಲಿ ಅದು ಬೀಳುವ ರೀತಿಯೇ ಬೇರೆ. ಇದನ್ನೆಲ್ಲ ಅಲ್ಲೇ ಕಲಿಯಬೇಕಾಯಿತು. ಜೂನ್ 17ರಂದು ಮಿರಾಜ್ ಫೈಟರ್‌ಗಳು ಮುಂಥೋ ಧಾಲೋದ ಸರಬರಾಜು ಶಿಬಿರ ಹೊಡೆದವು. ಜೂನ್ 24ರಂದು ಟೈಗರ್ ಹಿಲ್ ಮೇಲೆ ಲೇಸರ್ ಬಾಂಬು, ಅಂದರೆ ಲೇಸರ್ ಬೆಳಕು ತೋರಿಸಿದ ಕಡೆಗೇ ಹೋಗುವ ಬಾಂಬು ಬಿತ್ತು. ಬೆಟ್ಟ ಹತ್ತಿ ಗೆದ್ದದ್ದು ಜವಾನರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ದಿನದಿಂದಲೇ ಎರಡೂ ಪಡೆಯವರು ಒಂದೇ ಮೇಜಿನಲ್ಲಿ ಕೂತಿದ್ದರೆ ಬೇಗ ಆಗುತ್ತಿತ್ತು ಎಂಬುದು ನನ್ನ ದೃಢವಾದ ನಂಬಿಕೆ.

ಈಗ ಟಿವಿ ಲೆಕ್ಕ. ಯುದ್ಧದಲ್ಲಿ ಎಷ್ಟು ಬಾಂಬು ಹಾಕಿದೆವು, ಎಷ್ಟು ಹಾರಾಟ ಮಾಡಿದೆವು ಎಂಬುದು ನಾವು ಮಾಡಿದ ಕೆಲಸದ ಲೆಕ್ಕ. ಅದರಿಂದ ಏನಾಯಿತು ಎಂಬುದು ಬೇರೆಯೇ ಲೆಕ್ಕ. ದಾಳಿ ಆದಮೇಲೆ ಪರಿಶೀಲಿಸುವವರು ಮೊದಲು ನೋಡುವುದು ಬಾಂಬು ಎಲ್ಲಿ ಬಿತ್ತು, ಏನು ಒಡೆಯಿತು ಎಂದು. ಆಮೇಲೆ ಆ ವಸ್ತು ಕೆಲಸ ಮಾಡುತ್ತಿದೆಯಾ ಎಂದು. ಕೊನೆಗೆ, ಶತ್ರು ಮಾಡುತ್ತಿದ್ದ ಯಾವ ಕೆಲಸ ನಿಲ್ಲಿಸಬೇಕಿತ್ತೋ ಅದು ನಿಂತಿತಾ ಎಂದು. ಚಾವಣಿಯಲ್ಲಿ ಒಂದು ಸಣ್ಣ ತೂತು ಮಾತ್ರ ಕಾಣುವ ಕಟ್ಟಡದ ಒಳಗೆ ಎಲ್ಲಾ ಪುಡಿಯಾಗಿರಬಹುದು. ಪೂರ್ತಿ ಕುಸಿದ ಕಟ್ಟಡ ಮೊದಲೇ ಖಾಲಿ ಇದ್ದಿರಬಹುದು. ಮೇಲಿಂದ ತೆಗೆದ ಒಂದು ಫೋಟೋ ಇದನ್ನೆಲ್ಲ ಹೇಳುವುದಿಲ್ಲ. ರೇಡಿಯೋ ಮಾತು ಕದ್ದು ಕೇಳುವವರು, ಡ್ರೋನ್‌ನವರು, ನೆಲದ ಮೇಲಿನ ಮಾಹಿತಿದಾರರು, ಎಲ್ಲರ ತುಣುಕು ಕೂಡಿಸಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ. ಟಿವಿಗೆ ಸಂಜೆಯೊಳಗೇ ಬೇಕು.

1971ರಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲಿದ್ದ ತೇಜ್‌ಗಾಂವ್ ವಾಯುನೆಲೆ ನೋಡಿ. ನಮ್ಮ ಮಿಗ್-21ಗಳು ಡಿಸೆಂಬರ್ 6ರಂದು ಅಲ್ಲಿನ ರನ್‌ವೇಯಲ್ಲಿ ಗುಂಡಿ ಬೀಳಿಸಿದವು. ರನ್‌ವೇ ಗುಂಡಿ ಮುಚ್ಚಲು ಬಹಳ ಹೊತ್ತು ಬೇಡ. ಅವರು ಮುಚ್ಚುವ ಪ್ರಯತ್ನ ಮಾಡಿದಂತೆಲ್ಲ ನಮ್ಮವರು ಮತ್ತೆ ಹೋಗಿ ಹೊಡೆದರು. ಪಾಕಿಸ್ತಾನದ ಸೇಬರ್ ವಿಮಾನಗಳು ನೆಲದ ಮೇಲೇ ಉಳಿದವು. ಎಷ್ಟು ವಿಮಾನ ಸುಟ್ಟಿತು ಎಂಬ ಲೆಕ್ಕ ಅಲ್ಲಿ ಮುಖ್ಯವೇ ಆಗಲಿಲ್ಲ. ಪೂರ್ವದ ಆಕಾಶ ನಮ್ಮದಾಯಿತು. ಅದರಿಂದಲೇ ಹೆಲಿಕಾಪ್ಟರ್‌ಗಳು ಮೇಘನಾ ನದಿ ದಾಟಿಸಿ ಜವಾನರನ್ನು ಇಳಿಸಲು ಸಾಧ್ಯವಾಯಿತು. 1999ರ ಕೊಸೊವೊದಲ್ಲಿ ಉಲ್ಟಾ. ಸರ್ಬಿಯಾದ ಸೇನೆ ಅಲ್ಲಿಂದ ಹೊರಹೋಗಲಿ ಅಂತ ಅಮೆರಿಕ, ಯುರೋಪ್ ದೇಶಗಳ ಸೇನಾ ಒಕ್ಕೂಟ ನೇಟೊ 78 ದಿನ ಬಾಂಬು ಹಾಕಿತು. ಸರ್ಬಿಯಾದವರು ಹುಸಿ ಟ್ಯಾಂಕು, ಹುಸಿ ತೋಪು ಮಾಡಿ ನಿಲ್ಲಿಸಿದ್ದರು. ಯುದ್ಧ ಮುಗಿದಮೇಲೆ ನೆಲದ ಮೇಲೆ ಸಿಕ್ಕ ಒಡೆದ ಟ್ಯಾಂಕುಗಳು, ಹೇಳಿಕೊಂಡಿದ್ದಕ್ಕಿಂತ ಬಹಳ ಕಡಿಮೆ. ಆದರೂ ಸರ್ಬಿಯಾ ಕೊಸೊವೊದಿಂದ ಸೇನೆ ವಾಪಸ್ ಪಡೆಯಿತು. ಲೆಕ್ಕ ತಪ್ಪಿತ್ತು, ಉದ್ದೇಶ ಈಡೇರಿತ್ತು.

ಆಪರೇಷನ್ ಸಿಂಧೂರದ ನಂತರ ಏರ್ ಮಾರ್ಷಲ್ ಎ.ಕೆ. ಭಾರ್ತಿ ಅವರನ್ನು ಪತ್ರಕರ್ತರು ಎಷ್ಟು ಜನ ಸತ್ತರು ಎಂದು ಕೇಳಿದಾಗ, ಗುರಿ ಹೊಡೆಯುವುದು ನಮ್ಮ ಕೆಲಸ, ಹೆಣ ಎಣಿಸುವುದಲ್ಲ ಎಂಬ ಅರ್ಥದಲ್ಲಿ ಉತ್ತರಿಸಿದರು. ಕೆಲವರಿಗೆ ಅದು ಜಾರಿಕೊಳ್ಳುವ ಉತ್ತರ ಅನ್ನಿಸಿತು. ನನಗೆ ಸರಿಯಾದ ಉತ್ತರ ಅನ್ನಿಸಿತು. ನೀವು ಟಿವಿ ನೋಡುವಾಗ ಇಷ್ಟು ಮಾಡಿ. ಅಂಕಿ ಹೇಳಿದವರು ಹೆಸರು, ಹುದ್ದೆ ಇರುವ ಅಧಿಕಾರಿಯಾ, ಇಲ್ಲ 'ಮೂಲಗಳು' ಅನ್ನುವವರಾ ನೋಡಿ. ಮೊದಲ ದಿನದ ಅಂಕಿಯನ್ನು ಯಾರು ಹೇಳಿದರೂ ಸ್ವಲ್ಪ ದೂರವೇ ಇಡಿ. ಎದುರಾಳಿ ಹೇಳುವ ಅಂಕಿಗೂ ಇದೇ ನಿಯಮ.

ಒಬ್ಬನೇ ಸಾಹೇಬ ಇದ್ದರೆ? ಸರ್ಕಾರವೂ ಆ ದಾರಿಯಲ್ಲೇ ಯೋಚಿಸುತ್ತಿದೆ. 2020ರ ಜನವರಿ 1ರಿಂದ ಸಿಡಿಎಸ್ (ಚೀಫ್ ಆಫ್ ಡಿಫೆನ್ಸ್ ಸ್ಟಾಫ್) ಹುದ್ದೆ ಬಂದಿದೆ, ಮೂರೂ ಪಡೆಗಳ ನಡುವೆ ಹೊಂದಾಣಿಕೆ ತರುವುದು ಅದರ ಕೆಲಸ. ಬೇರೆ ಬೇರೆ ಪಡೆಯವರು ಒಬ್ಬ ಕಮಾಂಡರ್ ಕೈಕೆಳಗೆ ಕೆಲಸ ಮಾಡುವಾಗ ಶಿಸ್ತಿನ ಅಧಿಕಾರ ಯಾರದು ಎಂಬುದಕ್ಕೆ 2023ರಲ್ಲಿ ಕಾನೂನೂ ಆಯಿತು. ಅಂಡಮಾನ್‌ನಲ್ಲಿ 2001ರಿಂದಲೇ ಮೂರೂ ಪಡೆಗಳ ಜಂಟಿ ಕಮಾಂಡ್ ಇದೆ. ಇದರಿಂದ ಲಾಭ ಇದೆ. ಕಾರ್ಗಿಲ್‌ನಲ್ಲಿ ಆದಂಥ ದಿನಗಟ್ಟಲೆಯ ಮಾತುಕತೆ ತಪ್ಪುತ್ತದೆ. ಅಪಾಯವೂ ಇದೆ. ವಾಯುಪಡೆಗೆ ಮಂಜೂರಾದದ್ದು 42 ಫೈಟರ್ ಸ್ಕ್ವಾಡ್ರನ್ (ವಿಮಾನಗಳ ತುಕಡಿ), ಈಗ ಇರುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಇದ್ದಷ್ಟನ್ನೇ ಪಶ್ಚಿಮಕ್ಕಿಷ್ಟು, ಉತ್ತರಕ್ಕಿಷ್ಟು ಎಂದು ಹಂಚಿದರೆ, ಬೇಕಾದ ಕಡೆ ಒಟ್ಟಿಗೆ ನುಗ್ಗುವ ಬಲ ಕಡಿಮೆಯಾಗುತ್ತದೆ. ಇವತ್ತು ಲಡಾಖ್‌ನಲ್ಲಿ, ನಾಳೆ ರಾಜಸ್ಥಾನದಲ್ಲಿ ಬೇಕಾಗುವುದೇ ವಿಮಾನದ ಗುಣ. ಜಂಟಿ ಕಮಾಂಡ್ ಬೇಕು, ಆದರೆ ವಿಮಾನಗಳ ಕೇಂದ್ರ ಯೋಜನೆ ಒಂದೇ ಕಡೆ ಉಳಿಯಬೇಕು ಎನ್ನುವವನು ನಾನು. ಮತ್ತೆ ನೆನಪಿಡಿ, 1994ರ ಆ ಬೆಳಿಗ್ಗೆ ಇರಾಕ್‌ನಲ್ಲಿ ಎಲ್ಲರೂ ಒಂದೇ ಜಂಟಿ ಕಮಾಂಡ್‌ನ ಕೆಳಗೇ ಇದ್ದರು.

ಕೊನೆಗೆ ನೀವು ಮನೆಯಲ್ಲಿ ಏನು ಮಾಡಬೇಕು. ಫೋನಿನಲ್ಲಿ ಎಲ್ಲಿದ್ದೀಯಾ, ಎಲ್ಲಿಗೆ ಹೋಗ್ತೀಯಾ ಅಂತ ಕೇಳಬೇಡಿ. ಊಟ ಆಯ್ತಾ, ಆರೋಗ್ಯ ಹೇಗಿದೆ ಅಂತ ಕೇಳಿ, ಅಷ್ಟು ಸಾಕು. ರೈಲಿನಲ್ಲಿ, ಹೆದ್ದಾರಿಯಲ್ಲಿ ಸೇನೆಯ ಗಾಡಿ ಹೋಗುವ ವಿಡಿಯೋ ಯಾರಾದರೂ ಕಳಿಸಿದರೆ ಮುಂದೆ ಕಳಿಸಬೇಡಿ. ದೊಡ್ಡವನ ಸೇನಾ ನಂಬರ್, ಯೂನಿಟ್ ಹೆಸರು ಒಂದು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಡಿ. ಮರಾಠಾ ಲೈಟ್ ಇನ್‌ಫಂಟ್ರಿಯ ರೆಕಾರ್ಡ್ ಆಫೀಸ್ ಬೆಳಗಾವಿಯಲ್ಲೇ ಇದೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯೂ ಇದೆ. ಗಲಾಟೆಯ ದಿನಗಳಲ್ಲಿ ವಾಟ್ಸಾಪ್‌ನಲ್ಲಿ ಹೆಸರುಗಳ ಪಟ್ಟಿ ಬಂದರೆ ಅದನ್ನು ಓದುತ್ತಾ ಕೂರಬೇಡಿ. ಈ ಎರಡು ಕಡೆ ಫೋನ್ ಮಾಡಿ ಕೇಳಿ. ಸಣ್ಣವನ ವಿಷಯಕ್ಕೆ ವಾಯುಪಡೆಯ ರೆಕಾರ್ಡ್ ಆಫೀಸ್ ದೆಹಲಿಯಲ್ಲಿದೆ. ಮುಂದಿನ ರಜೆಗೆ ಬಂದಾಗ ಅದರ ನಂಬರ್ ಅವನ ಕೈಯಲ್ಲೇ ಬರೆಸಿಕೊಳ್ಳಿ.